ಕೀಲಿಕೈ ಯಾರ ಕೈಗೆ?
ಆಸ್ಟ್ರೇಲಿಯದ ರಕ್ಷಣಾ ರಂಗದಲ್ಲಿ ಗುತ್ತಿಗೆಯ ಭದ್ರತಾ ಕೆಲಸ: ಒಂದು ಚಾರಿತ್ರಿಕ ನೋಟ

ಹೊರನಾಡ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳನ್ನು ತಿರುವಿಹಾಕಿದರೆ ನಮ್ಮವರ ಕಸುಬುಗಳೆಲ್ಲ ಒಂದಲ್ಲ ಒಂದು ಪುಟದಲ್ಲಿ ಎದುರಾಗುತ್ತವೆ. ವೈದ್ಯರು ಬರೆದಿದ್ದಾರೆ, ಅಧ್ಯಾಪಕರು ಬರೆದಿದ್ದಾರೆ, ಗಣಿಗಳ ಬಿಸಿಲಿನಲ್ಲಿ ಬೆಂದ ಎಂಜಿನಿಯರುಗಳು ಬರೆದಿದ್ದಾರೆ, ಕಂಪ್ಯೂಟರ್ ಬಂಧುಗಳಂತೂ ಬರೆಯುತ್ತಲೇ ಇದ್ದಾರೆ. ಒಂದು ಕಸುಬಿನವರು ಮಾತ್ರ ಎಲ್ಲೂ ಕಾಣುವುದಿಲ್ಲ. ಅವರು ಯುಗಾದಿಯ ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲೇ ಕುಳಿತಿರುತ್ತಾರೆ, ರಾಜ್ಯೋತ್ಸವದ ದಿನ ಕುರ್ಚಿ ಜೋಡಿಸುತ್ತಾರೆ. "ಏನು ಕೆಲಸ ಮಾಡಿಕೊಂಡಿದ್ದೀರಿ?" ಎಂದು ಕೇಳಿದರೆ "ಐ.ಟಿ.ಯಲ್ಲಿ" ಎಂದು ಹೇಳಿ ಸಾರಿನ ಕಡೆಗೆ ಕೈ ಚಾಚುತ್ತಾರೆ. ಇವರೇ ರಕ್ಷಣಾ ಇಲಾಖೆಗಾಗಿ, ಅದಕ್ಕೆ ಸರಕು ಒದಗಿಸುವ ಕಂಪನಿಗಳಿಗಾಗಿ, ಗುತ್ತಿಗೆಯ ಮೇಲೆ ದುಡಿಯುವ ಸೆಕ್ಯುರಿಟಿ ಆರ್ಕಿಟೆಕ್ಟುಗಳು.

ಪರ್ತ್, ಬ್ರಿಸ್ಬೇನ್, ಅಡಿಲೇಡ್ ಈ ಮೂರು ಊರುಗಳಲ್ಲಿ ಈ ಕೆಲಸವನ್ನು ಮಾಡಿದ, ಮಾಡುತ್ತಿರುವ ನಾವು ನಮ್ಮ ಕಡತಗಳಲ್ಲಿ ಏನಿದೆಯೆಂದು ಇಲ್ಲಿ ಹೇಳಲಾರೆವು, ಹೇಳಬಾರದು ಕೂಡ. ಆದರೆ ಈ ಕಸುಬು ಎಲ್ಲಿಂದ ಬಂತು, ಅದರ ಬಾಗಿಲು ನಮ್ಮಂಥವರಿಗೆ ಹೇಗೆ ತೆರೆಯಿತು, ಒಳಗೆ ಕಾಲಿಡಲು ತೆರಬೇಕಾದ ಬೆಲೆ ಏನು ಎಂಬುದು ಗುಟ್ಟಲ್ಲ, ಅದು ಚರಿತ್ರೆ. ನಮ್ಮ ಮಕ್ಕಳಿಗೆ ಈ ಚರಿತ್ರೆ ತಿಳಿದಿರಬೇಕೆಂಬುದೇ ಈ ಲೇಖನದ ಉದ್ದೇಶ.

ಸೆಕ್ಯುರಿಟಿ ಎಂದರೆ ವಾಚ್‌ಮನ್ ಅಲ್ಲ

ಊರಿನ ನೆಂಟರಿಗೆ ಈ ಕೆಲಸವನ್ನು ವಿವರಿಸುವುದೇ ಒಂದು ಪೇಚು. ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನೋಡಿದರೂ 'ಸೆಕ್ಯುರಿಟಿ' ಎಂದರೆ ಸಮವಸ್ತ್ರ ತೊಟ್ಟು, ಬಂದವರ ವಾಹನದ ನಂಬರು ಬರೆದುಕೊಳ್ಳುವವರು. "ಇಷ್ಟೆಲ್ಲ ಓದಿ ಕೊನೆಗೆ ಸೆಕ್ಯುರಿಟಿ ಕೆಲಸಕ್ಕೆ ಸೇರಿದೆಯೇನಪ್ಪಾ?" ಎಂದು ಅಜ್ಜಿಯೊಬ್ಬರು ಫೋನಿನಲ್ಲಿ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು.

ಅಜ್ಜಿಗೆ ಅರ್ಥವಾಗುವಂತೆ ಹೇಳಬೇಕಾದರೆ ಚಿತ್ರದುರ್ಗದ ಕೋಟೆಯನ್ನೇ ನೆನೆಯಬೇಕು. ಏಳು ಸುತ್ತಿನ ಆ ಕೋಟೆಯನ್ನು ಕಟ್ಟಿದವರಿಗೆ ಒಂದು ಸತ್ಯ ಗೊತ್ತಿತ್ತು. ಒಂದೇ ಗೋಡೆಯನ್ನು ನಂಬಬಾರದು. ಒಂದು ಬಿದ್ದರೆ ಇನ್ನೊಂದು ತಡೆಯಬೇಕು. ಹಾಗಿದ್ದೂ ಬಂಡೆಗಳ ನಡುವೆ ಒಂದು ಕಿಂಡಿ ಉಳಿದಿತ್ತು. ಕಾವಲಿನವನು ಊಟಕ್ಕೆ ಹೋದ ಹೊತ್ತಿನಲ್ಲಿ ಹೈದರಾಲಿಯ ಸೈನಿಕರು ಆ ಕಿಂಡಿಯಿಂದಲೇ ನುಸುಳಿದರೆಂದೂ ಓಬವ್ವ ಒನಕೆ ಹಿಡಿದು ನಿಂತಳೆಂದೂ ಐತಿಹ್ಯ ಹೇಳುತ್ತದೆ. ಸೆಕ್ಯುರಿಟಿ ಆರ್ಕಿಟೆಕ್ಟ್ ಎಂದರೆ ಕಂಪ್ಯೂಟರ್ ವ್ಯವಸ್ಥೆಗೆ ಇಂಥ ಸುತ್ತುಗಳ ನಕ್ಷೆ ಬರೆಯುವವನು. ಎಲ್ಲಕ್ಕಿಂತ ಮೊದಲು ಕಿಂಡಿ ಎಲ್ಲಿದೆಯೆಂದು ಹುಡುಕುವವನು. ಎಲ್ಲ ಕಿಂಡಿಯಲ್ಲೂ ಒಬ್ಬೊಬ್ಬ ಓಬವ್ವ ಇರುವುದಿಲ್ಲವಲ್ಲ!

ದಿನನಿತ್ಯದ ಕೆಲಸ ಇಷ್ಟು ರೋಮಾಂಚಕವೇನಲ್ಲ. ಯಾವ ಮಾಹಿತಿ ಯಾವ ದರ್ಜೆಯದು, ಯಾವ ಜಾಲದಿಂದ ಯಾವ ಜಾಲಕ್ಕೆ ಏನು ಹರಿಯಬಹುದು, ಯಾರಿಗೆ ಯಾವ ಅಧಿಕಾರ, ಒಂದು ಯಂತ್ರ ಕೆಟ್ಟರೆ ಬದಲಿ ಏನು, ಇವನ್ನೆಲ್ಲ ಚಿತ್ರ ಬರೆದು, ನೂರಾರು ಪುಟಗಳ ದಾಖಲೆ ಸಿದ್ಧಪಡಿಸಬೇಕು. ಆಸ್ಟ್ರೇಲಿಯನ್ ಸಿಗ್ನಲ್ಸ್ ಡೈರೆಕ್ಟೊರೇಟ್ ಪ್ರಕಟಿಸುವ 'ಇನ್ಫರ್ಮೇಷನ್ ಸೆಕ್ಯುರಿಟಿ ಮ್ಯಾನ್ಯುಯಲ್' ನಮ್ಮ ಕಸುಬಿನ ಪಂಚಾಂಗ. ಪ್ರತಿಯೊಂದು ನಿಯಮಕ್ಕೂ ನಮ್ಮ ವ್ಯವಸ್ಥೆ ಹೇಗೆ ಉತ್ತರಿಸುತ್ತದೆಂದು ಬರೆಯಬೇಕು. ಉಳಿದ ಅಪಾಯವೆಷ್ಟು ಎಂಬುದನ್ನು ಮುಚ್ಚಿಡದೆ ಹೇಳಿ, ಅದನ್ನು ಒಪ್ಪಿಕೊಳ್ಳುವ ಹಿರಿಯ ಅಧಿಕಾರಿಯ ಮುಂದೆ ಇಡಬೇಕು. ಅವರು ಸಹಿ ಹಾಕಿದ ಮೇಲೆಯೇ ವ್ಯವಸ್ಥೆ ನಡೆಯತಕ್ಕದ್ದು.

ಬ್ರಿಸ್ಬೇನಿನ ಕಾರ್ ಗ್ಯಾರೇಜು, ಬೆಂಗಳೂರಿನ ಕಿವಿ

ಈ ಕಸುಬಿನ ಬೇರು ಹುಡುಕಹೊರಟರೆ ಕಂಪ್ಯೂಟರುಗಳಿಗೂ ಹಿಂದಕ್ಕೆ, ಎರಡನೆಯ ಮಹಾಯುದ್ಧದ ಬ್ರಿಸ್ಬೇನಿಗೆ ಹೋಗಬೇಕಾಗುತ್ತದೆ. 1942ರಲ್ಲಿ ಜನರಲ್ ಮೆಕಾರ್ಥರ್ ತಮ್ಮ ಪ್ರಧಾನ ಕಚೇರಿಯನ್ನು ಆ ನಗರಕ್ಕೆ ತಂದರು. ಅವರ ಬೆನ್ನಿಗೇ 'ಸೆಂಟ್ರಲ್ ಬ್ಯೂರೋ' ಎಂಬ ಗೂಢಲಿಪಿ ಸಂಸ್ಥೆ ಮೆಲ್ಬರ್ನಿನಿಂದ ಬಂದು ಆಸ್ಕಟ್ ಬಡಾವಣೆಯ ಹೆನ್ರಿ ಬೀದಿಯ 21ನೆಯ ನಂಬರಿನ ಮನೆಯಲ್ಲಿ ಬೀಡುಬಿಟ್ಟಿತು. ಆ ಮನೆಯ ಹೆಸರು ನೈರಾಂಬ್ಲ. ಅದರ ಹಿಂದಿನ ಕಾರ್ ಗ್ಯಾರೇಜಿನಲ್ಲಿ ಆಸ್ಟ್ರೇಲಿಯದ ಸೇನೆಯ ಹೆಣ್ಣುಮಕ್ಕಳು ಪಾಳಿಯ ಮೇಲೆ ಗೂಢಲಿಪಿ ಯಂತ್ರಗಳನ್ನು ನಡೆಸುತ್ತಿದ್ದರು. ಯುದ್ಧ ಮುಗಿದು ದಶಕಗಳು ಕಳೆದರೂ ಅವರು ತಂದೆತಾಯಿಗಳಿಗಾಗಲಿ ಗಂಡಂದಿರಿಗಾಗಲಿ ಆ ಮಾತನ್ನು ಆಡಲಿಲ್ಲ.

1944ರ ಜನವರಿಯಲ್ಲಿ ನ್ಯೂಗಿನಿಯ ಸಿಯೋ ಎಂಬಲ್ಲಿ ಜಪಾನೀಯರು ಹಿಮ್ಮೆಟ್ಟುವಾಗ ಹೂತುಹೋಗಿದ್ದ ಒಂದು ಉಕ್ಕಿನ ಟ್ರಂಕು ಆಸ್ಟ್ರೇಲಿಯದ ಸೈನಿಕರಿಗೆ ಸಿಕ್ಕಿತು. ಒಳಗೆ ನೆಂದು ಮುದ್ದೆಯಾದ ಗೂಢಲಿಪಿಯ ಪುಸ್ತಕಗಳು! ಬ್ರಿಸ್ಬೇನಿನಲ್ಲಿ ಆ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಒಣಗಿಸಿ, ಓದಿದರು. ಜಪಾನಿನ ಭೂಸೇನೆಯ ಸಂದೇಶಗಳು ಅಲ್ಲಿಂದ ಮುಂದೆ ತೆರೆದ ಪುಸ್ತಕವಾದವು. ಒಂದು ಸೈನ್ಯ ತನ್ನ ಕೀಲಿಕೈಯನ್ನು ಸುಡದೆ ಹೂತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ನಮ್ಮವರಲ್ಲಿ ಬಹುಮಂದಿಗೆ ತಿಳಿಯದ ಸಂಗತಿಯೊಂದಿದೆ. ಅದೇ ಕಾಲದಲ್ಲಿ ಬ್ರಿಟಿಷರು ದೆಹಲಿಯಲ್ಲಿ 'ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್' ಎಂಬ ಹೆಸರಿನಲ್ಲಿ ಇದೇ ಬಗೆಯ ಕೇಂದ್ರ ನಡೆಸುತ್ತಿದ್ದರು. ಅದರ ಶಾಖೆಗಳಲ್ಲೊಂದು ನಮ್ಮ ಬೆಂಗಳೂರಿನಲ್ಲಿತ್ತು. 1943ರ ಏಪ್ರಿಲಿನಲ್ಲಿ ಜಪಾನೀ ಭೂಸೇನೆಯ ಜಲಸಾರಿಗೆಯ ಗೂಢಲಿಪಿಯನ್ನು ಬ್ರಿಸ್ಬೇನ್ ಮತ್ತು ದೆಹಲಿಗಳೆರಡೂ ಹೆಚ್ಚುಕಡಿಮೆ ಒಟ್ಟಿಗೇ ಭೇದಿಸಿದವು. ನಮ್ಮಜ್ಜಂದಿರು ಮಲ್ಲೇಶ್ವರದಲ್ಲಿ, ಬಸವನಗುಡಿಯಲ್ಲಿ ರೇಷನ್ ಅಕ್ಕಿಗೆ ಸಾಲು ನಿಂತಿದ್ದ ದಿನಗಳಲ್ಲಿ ಅದೇ ನಗರದ ಯಾವುದೋ ಕೋಣೆಯಲ್ಲಿ ಕುಳಿತವರು, ಬ್ರಿಸ್ಬೇನಿನವರು ಆಲಿಸುತ್ತಿದ್ದ ಶತ್ರುವಿನ ದನಿಯನ್ನೇ ಆಲಿಸುತ್ತಿದ್ದರು. ನಮಗೂ ಈ ದೇಶದ ಈ ಕಸುಬಿಗೂ ಸಂಬಂಧ ನಿನ್ನೆ ಮೊನ್ನೆಯದಲ್ಲ ಎನ್ನಲು ಇಷ್ಟು ಸಾಲದೇ?

ಯುದ್ಧಾನಂತರ 1947ರಲ್ಲಿ ಮೆಲ್ಬರ್ನಿನಲ್ಲಿ 'ಡಿಫೆನ್ಸ್ ಸಿಗ್ನಲ್ಸ್ ಬ್ಯೂರೋ' ಹುಟ್ಟಿತು. ಹೆಸರು ಬದಲಾಗುತ್ತ ಬಂದ ಆ ಸಂಸ್ಥೆಯೇ 2013ರಿಂದ ಆಸ್ಟ್ರೇಲಿಯನ್ ಸಿಗ್ನಲ್ಸ್ ಡೈರೆಕ್ಟೊರೇಟ್. ಮೇಲೆ ಹೇಳಿದ ಪಂಚಾಂಗದ ಕರ್ತೃಗಳು ಇವರೇ.

ಸಾಲಿಸ್‌ಬರಿ ಮತ್ತು ಜಾಲಹಳ್ಳಿ

ಬ್ರಿಸ್ಬೇನ್ ಕಿವಿಯ ಊರಾದರೆ ಅಡಿಲೇಡ್ ಪ್ರಯೋಗದ ಊರು. ನಗರದ ಉತ್ತರಕ್ಕಿರುವ ಸಾಲಿಸ್‌ಬರಿಯಲ್ಲಿ ಯುದ್ಧಕಾಲದ ಸ್ಫೋಟಕಗಳ ಕಾರ್ಖಾನೆಯೊಂದಿತ್ತು. 1947ರಲ್ಲಿ ಅದರ ಕಟ್ಟಡಗಳಲ್ಲಿ ಬ್ರಿಟನ್ ಮತ್ತು ಆಸ್ಟ್ರೇಲಿಯ ಒಟ್ಟಾಗಿ ದೂರಗಾಮಿ ಅಸ್ತ್ರಗಳ ಸಂಶೋಧನಾ ಕೇಂದ್ರವನ್ನು ತೆರೆದವು. ಪರೀಕ್ಷೆಯ ಬಯಲು ವೂಮೆರಾದಲ್ಲಿ. 1967ರ ನವೆಂಬರ್ 29ರಂದು ಆಸ್ಟ್ರೇಲಿಯದ ಮೊದಲ ಉಪಗ್ರಹ 'ರೆಸ್ಯಾಟ್' ಹಾರಿದ್ದು ಅಲ್ಲಿಂದಲೇ. ದಿಗಂತದಾಚೆಗೆ ನೋಡಬಲ್ಲ 'ಜಿಂದಾಲೀ' ರಾಡಾರ್ ರೂಪುಗೊಂಡದ್ದು ಸಾಲಿಸ್‌ಬರಿಯಲ್ಲಿ.

ಬೆಂಗಳೂರಿನ ಮಕ್ಕಳಾದ ನಮಗೆ ಈ ಕಥೆ ಹೊಸದೇನಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಯುದ್ಧಕಾಲದಲ್ಲಿ ಇಟಲಿಯ ಸೆರೆಯಾಳುಗಳನ್ನು ಇರಿಸಿದ್ದ ಜಾಲಹಳ್ಳಿಯಲ್ಲಿ 1954ರಲ್ಲಿ ಬಿ.ಇ.ಎಲ್. ಹುಟ್ಟಿತು. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ರಕ್ಷಣಾ ಸಂಶೋಧನೆಯ ಮುಖ್ಯಸ್ಥರಾದರು, 1990ರಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರೂ ಆದರು. ಎಚ್.ಎ.ಎಲ್., ಬಿ.ಇ.ಎಲ್. ಕ್ವಾರ್ಟರ್ಸುಗಳಲ್ಲಿ ಬೆಳೆದವರಿಗೆ ಗೇಟ್ ಪಾಸು, ಸೈರನ್ನು, ಬ್ಯಾಗು ತಪಾಸಣೆ, "ಫ್ಯಾಕ್ಟರಿ ವಿಷಯ ಮನೆಯಲ್ಲಿ ಮಾತಾಡುವಂತಿಲ್ಲ" ಎಂಬ ಅಪ್ಪನ ಕಟ್ಟಪ್ಪಣೆ ಇವೆಲ್ಲ ಬಾಲ್ಯದ ಭಾಗ. ಅಡಿಲೇಡಿನ ಬೇಲಿಯೊಳಗೆ ಮೊದಲ ಬಾರಿ ಕಾಲಿಟ್ಟಾಗ ನಮ್ಮಲ್ಲಿ ಹಲವರಿಗೆ ಜಾಲಹಳ್ಳಿಯೇ ನೆನಪಾದರೆ ಆಶ್ಚರ್ಯವಿಲ್ಲ.

ನಮ್ಮ ಕಸುಬಿಗೆ ಸಾಲಿಸ್‌ಬರಿ ಕೊಟ್ಟ ದೊಡ್ಡ ಕೊಡುಗೆ 1990ರ ದಶಕದ 'ಸ್ಟಾರ್‌ಲೈಟ್' ಎಂಬ ಏಕಮುಖ ಕೊಂಡಿ. ಅದರ ಹಿಂದಿರುವ ತತ್ತ್ವ 1973ರಲ್ಲಿ ಅಮೆರಿಕದ ಬೆಲ್ ಮತ್ತು ಲಾಪಡುಲ ಎಂಬ ಇಬ್ಬರು ಗಣಿತದ ಭಾಷೆಯಲ್ಲಿ ಬರೆದದ್ದು: ಕೆಳ ದರ್ಜೆಯವನು ಮೇಲಿನ ಗುಟ್ಟನ್ನು ಓದಬಾರದು, ಮೇಲಿನವನು ತನ್ನ ಗುಟ್ಟನ್ನು ಕೆಳಕ್ಕೆ ಬರೆಯಬಾರದು. ಇದನ್ನು ಯಂತ್ರದಲ್ಲಿ ಸಾಧಿಸುವುದು ಹೇಗೆ? ದೇವಸ್ಥಾನದ ಹುಂಡಿಯನ್ನು ನೆನೆಯಿರಿ. ಯಾರು ಬೇಕಾದರೂ ಕಾಣಿಕೆ ಹಾಕಬಹುದು. ಹಾಕಿದ್ದನ್ನು ಅದೇ ಸೀಳಿನಿಂದ ತೆಗೆಯಲಾಗದು. ಏಕಮುಖ ಕೊಂಡಿಯಲ್ಲಿ ಒಂದು ತುದಿಗೆ ಬೆಳಕು ಚೆಲ್ಲುವ ಸಾಧನ ಮಾತ್ರ, ಇನ್ನೊಂದು ತುದಿಗೆ ಬೆಳಕು ಗ್ರಹಿಸುವ ಸಾಧನ ಮಾತ್ರ. ಹೊರಗಿನ ಮಾಹಿತಿ ಒಳಕ್ಕೆ ಹರಿಯುತ್ತದೆ, ಒಳಗಿನದು ಹೊರಕ್ಕೆ ಬರಲು ದಾರಿಯೇ ಇಲ್ಲ. ತಂತ್ರಾಂಶದ ಮಾತಿನ ಮೇಲೆ ನಿಲ್ಲದೆ ಭೌತಶಾಸ್ತ್ರದ ಮೇಲೆ ನಿಂತ ನಂಬಿಕೆ ಇದು.

ಗುಟ್ಟಿನ ಇನ್ನೊಂದು ಮುಖವನ್ನೂ ಇಲ್ಲಿ ಮರೆಯುವಂತಿಲ್ಲ. ವೂಮೆರಾದ ಪಶ್ಚಿಮಕ್ಕಿರುವ ಮಾರಲಿಂಗದಲ್ಲಿ 1956ರಿಂದ 1963ರವರೆಗೆ ಬ್ರಿಟನ್ ಅಣ್ವಸ್ತ್ರ ಪ್ರಯೋಗಗಳನ್ನು ನಡೆಸಿತು. ಆ ಮರುಭೂಮಿ ನಿರ್ಜನವಾಗಿರಲಿಲ್ಲ; ಅದು ಮೂಲನಿವಾಸಿಗಳ ನೆಲ. ಅವರು ಅನುಭವಿಸಿದ್ದು ಏನೆಂದು ದೇಶಕ್ಕೆ ಸರಿಯಾಗಿ ಗೊತ್ತಾಗಲು 1984-85ರ ವಿಚಾರಣಾ ಆಯೋಗದವರೆಗೆ ಕಾಯಬೇಕಾಯಿತು. ಬೀಗ ದೇಶವನ್ನು ಕಾಯಲೂಬಹುದು, ತಪ್ಪನ್ನು ಮುಚ್ಚಲೂಬಹುದು. ಬೀಗದ ಕೆಲಸ ಮಾಡುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

1948ರ ಪಾಠ

ಮನುಷ್ಯನನ್ನು ಶೋಧಿಸಿ ನಂಬುವ ಪದ್ಧತಿ ಈ ದೇಶದಲ್ಲಿ ಬಿಗಿಯಾದದ್ದು ಹೇಗೆ? ಯುದ್ಧಾನಂತರ ಸೋವಿಯತ್ ತಂತಿಗಳನ್ನು ಓದುತ್ತಿದ್ದ ಅಮೆರಿಕ ಮತ್ತು ಬ್ರಿಟನ್ನಿನವರಿಗೆ ಕ್ಯಾನ್ಬೆರಾದ ವಿದೇಶಾಂಗ ಇಲಾಖೆಯಿಂದ ರಹಸ್ಯಗಳು ಸೋರುತ್ತಿರುವುದು ತಿಳಿಯಿತು. 1948ರಲ್ಲಿ ಅಮೆರಿಕ ತನ್ನ ರಹಸ್ಯ ಮಾಹಿತಿಯನ್ನು ಆಸ್ಟ್ರೇಲಿಯಕ್ಕೆ ಕೊಡುವುದನ್ನೇ ನಿಲ್ಲಿಸಿತು. ಆಗಷ್ಟೇ ಕಣ್ಣುಬಿಡುತ್ತಿದ್ದ ಕ್ಷಿಪಣಿ ಯೋಜನೆಗೆ ಅದು ದೊಡ್ಡ ಪೆಟ್ಟು. ಮಿತ್ರರ ವಿಶ್ವಾಸ ಗಳಿಸಲೆಂದೇ 1949ರ ಮಾರ್ಚಿಯಲ್ಲಿ ಚಿಫ್ಲಿ ಸರ್ಕಾರ 'ಏಸಿಯೋ' ಎಂಬ ಭದ್ರತಾ ಸಂಸ್ಥೆಯನ್ನು ಸ್ಥಾಪಿಸಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿದೆಯಲ್ಲ, ಹಾಗೆ.

ಈ ಪ್ರಸಂಗದಲ್ಲಿ ಯೋಚಿಸಬೇಕಾದ ಅಂಶವೊಂದಿದೆ. ಅಂದಿನ ಆಸ್ಟ್ರೇಲಿಯ ಬಣ್ಣದವರಿಗೆ ಬಾಗಿಲು ಹಾಕಿದ್ದ ದೇಶ. 1901ರ ವಲಸೆ ನಿರ್ಬಂಧ ಕಾಯ್ದೆಯ ಪ್ರಕಾರ ಬಂದರಿನಲ್ಲಿ ಅಧಿಕಾರಿ ತನಗೆ ತೋಚಿದ ಯಾವುದೇ ಯೂರೋಪಿನ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಕೊಡಬಹುದಿತ್ತು. ಬರೆಯಲಾಗದವನು ಬಂದ ಹಡಗಿನಲ್ಲೇ ಹಿಂದಿರುಗಬೇಕಿತ್ತು. ಆ ಪರೀಕ್ಷೆ ರದ್ದಾದದ್ದು 1958ರಲ್ಲಿ. ದೇಶ ತನ್ನ ಭದ್ರತೆಗಾಗಿ ಚರ್ಮದ ಬಣ್ಣವನ್ನು ಕಾಯುತ್ತಿದ್ದಾಗ ಗುಟ್ಟು ಹೊರಬಿದ್ದದ್ದು ಒಳಗಿನ ಕಚೇರಿಯಿಂದ! ನಂಬಿಕೆಯನ್ನು ಹುಟ್ಟಿನಿಂದ ಅಳೆಯಲಾಗದು, ನಡತೆಯಿಂದಲೇ ಅಳೆಯಬೇಕು ಎಂಬ ಪಾಠ ಇದರಲ್ಲಿತ್ತು. ಅದನ್ನು ಕಲಿಯಲು ಬಹಳ ಕಾಲ ಹಿಡಿಯಿತು.

ಬಾಗಿಲು ತೆರೆದದ್ದು

1966ರಲ್ಲಿ ಹೆರಾಲ್ಡ್ ಹೋಲ್ಟ್ ಸರ್ಕಾರ ವಿದ್ಯಾವಂತ ಏಷ್ಯನ್ನರಿಗೆ ಬಾಗಿಲನ್ನು ಸ್ವಲ್ಪ ತೆರೆಯಿತು. 1973ರಲ್ಲಿ ವಿಟ್ಲಮ್ ಸರ್ಕಾರ ಬಣ್ಣದ ನೀತಿಯ ಉಳಿಕೆಗಳನ್ನು ಕಿತ್ತುಹಾಕಿತು. ನಮ್ಮ ಹಿರಿಯರು, ವೈದ್ಯರೂ ಎಂಜಿನಿಯರುಗಳೂ, ಬಂದದ್ದು ಈ ಬಾಗಿಲಿನಿಂದಲೇ. ರಕ್ಷಣಾ ರಂಗದ ಬಾಗಿಲು ತೆರೆಯಲು ಇನ್ನೊಂದು ಬದಲಾವಣೆ ಬೇಕಿತ್ತು. 1991ರಲ್ಲಿ ರಕ್ಷಣಾ ಇಲಾಖೆ 'ಕಮರ್ಷಿಯಲ್ ಸಪೋರ್ಟ್ ಪ್ರೋಗ್ರಾಮ್' ಎಂಬ ಯೋಜನೆಯಡಿ ಅದುವರೆಗೆ ಸಮವಸ್ತ್ರದವರೂ ನೌಕರರೂ ಮಾಡುತ್ತಿದ್ದ ಹಲವು ಕೆಲಸಗಳನ್ನು ಖಾಸಗಿಯವರಿಗೆ ಬಿಡತೊಡಗಿತು. ಅದರ ಜೊತೆಗೇ ಗುತ್ತಿಗೆದಾರನೆಂಬ ಪ್ರಾಣಿಯೂ ಬೆಳೆಯಿತು. ಅಡಿಲೇಡಿನ ಆಸ್ಬೋರ್ನ್ ಹಡಗುಕಟ್ಟೆಯಲ್ಲಿ ಕಾಲಿನ್ಸ್ ವರ್ಗದ ಆರು ಜಲಾಂತರ್ಗಾಮಿಗಳು ಸಿದ್ಧವಾಗುತ್ತಿದ್ದ ಕಾಲವೂ ಅದೇ. ಮೊದಲನೆಯದು 1996ರಲ್ಲಿ ನೌಕಾಪಡೆಯನ್ನು ಸೇರಿತು.

ಗುತ್ತಿಗೆಯ ಬದುಕು ಹೊರಗಿನಿಂದ ನೋಡುವವರಿಗೆ ಹಾಲುಜೇನು. ದಿನಗೂಲಿಯ ಲೆಕ್ಕದಲ್ಲಿ ಸಂಬಳ ಹೆಚ್ಚೆಂಬುದು ನಿಜ. ಆದರೆ ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಗುತ್ತಿಗೆ ಮುಗಿಯುತ್ತದೆ. ಹಬ್ಬದ ರಜೆಗೆ ಸಂಬಳವಿಲ್ಲ, ಜ್ವರ ಬಂದರೆ ಸಂಬಳವಿಲ್ಲ. ಬಜೆಟ್ಟಿನಲ್ಲಿ ಒಂದು ಸಾಲು ಅಳಿಸಿದರೆ ಯೋಜನೆಯೇ ನಿಲ್ಲುತ್ತದೆ. 2016ರಲ್ಲಿ ಫ್ರಾನ್ಸಿನ ಸಹಯೋಗದಲ್ಲಿ ಅಡಿಲೇಡಿನಲ್ಲಿ ಜಲಾಂತರ್ಗಾಮಿ ಕಟ್ಟುವ ನಿರ್ಧಾರವಾಯಿತು. ಅದನ್ನು ನಂಬಿ ಮನೆ ಕೊಂಡವರಿದ್ದರು. 2021ರ ಸೆಪ್ಟೆಂಬರಿನಲ್ಲಿ 'ಆಕಸ್' ಒಪ್ಪಂದ ಪ್ರಕಟವಾದಾಗ ಆ ಯೋಜನೆ ಒಂದೇ ಬೆಳಗಿನಲ್ಲಿ ಇಲ್ಲವಾಯಿತು. ಗುತ್ತಿಗೆಯವನು ಒಂದು ಊರಿನಲ್ಲಿ ಬೇರು ಬಿಡುವ ಹೊತ್ತಿಗೆ ಇನ್ನೊಂದು ಊರು ಕರೆಯುತ್ತದೆ. ಅಡಿಲೇಡಿನಲ್ಲಿ ಕನ್ನಡ ಶಾಲೆಗೆ ಸೇರಿದ ಮಗು ಕಾಗುಣಿತ ಮುಗಿಸುವಷ್ಟರಲ್ಲಿ ಪರ್ತಿಗೋ ಬ್ರಿಸ್ಬೇನಿಗೋ ಗಂಟುಮೂಟೆ ಕಟ್ಟಬೇಕಾಗುತ್ತದೆ.

ಹುಟ್ಟೂರಿನ ಪ್ರಶ್ನೆ

ಬಾಗಿಲು ತೆರೆದರೂ ಹೊಸ್ತಿಲಲ್ಲಿ ಒಂದು ಪ್ರಶ್ನೆ ಉಳಿದೇ ಇತ್ತು. ಆಸ್ಟ್ರೇಲಿಯದ ಆಯುಧಗಳಲ್ಲಿ, ವಿಮಾನಗಳಲ್ಲಿ ಬಹುಪಾಲು ಅಮೆರಿಕದ ತಂತ್ರಜ್ಞಾನ. 'ಐಟಾರ್' ಎಂದು ಕರೆಯುವ ಅಮೆರಿಕದ ರಫ್ತು ನಿಯಮಗಳು, ಆ ತಂತ್ರಜ್ಞಾನವನ್ನು ಮುಟ್ಟುವವನು ಈಗ ಯಾವ ದೇಶದ ಪ್ರಜೆ ಎಂಬುದನ್ನಷ್ಟೇ ಕೇಳಿ ಸುಮ್ಮನಾಗುತ್ತಿರಲಿಲ್ಲ. ಬೇರೆ ಯಾವ ದೇಶದ ಪೌರತ್ವವಿದೆ, ಎಲ್ಲಿ ಹುಟ್ಟಿದ ಎಂಬುದೂ ಲೆಕ್ಕಕ್ಕೆ ಬರುತ್ತಿತ್ತು. ಇತ್ತ ಆಸ್ಟ್ರೇಲಿಯದ ಕಾನೂನು ಹುಟ್ಟಿನ ಆಧಾರದ ಮೇಲೆ ತಾರತಮ್ಯ ಮಾಡಕೂಡದೆನ್ನುತ್ತದೆ. ಕಂಪನಿಗಳು ಎರಡು ಕಾನೂನುಗಳ ನಡುವೆ ಸಿಕ್ಕಿಕೊಂಡವು. ರಾಜ್ಯಗಳ ನ್ಯಾಯಮಂಡಳಿಗಳ ಮುಂದೆ ವಿನಾಯಿತಿಗಾಗಿ ಅರ್ಜಿ ಹಾಕಿದವು. 2003ರಲ್ಲಿ ಕ್ವೀನ್ಸ್‌ಲ್ಯಾಂಡಿನ, 2005ರಲ್ಲಿ ಪಶ್ಚಿಮ ಆಸ್ಟ್ರೇಲಿಯದ, 2008ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಮಂಡಳಿಗಳ ಮುಂದೆ ಇಂಥ ಅರ್ಜಿಗಳಿದ್ದವು. ಅಂದರೆ ಈ ಲೇಖನದ ಮೂರು ಊರುಗಳ ಮೂರು ರಾಜ್ಯಗಳಲ್ಲೂ ಒಂದೇ ಪ್ರಶ್ನೆ: ಈ ದೇಶದ ಪ್ರಜೆಯಾಗಿ ಪ್ರಮಾಣ ಮಾಡಿದವನನ್ನು ಅವನ ಹುಟ್ಟೂರಿನ ಕಾರಣಕ್ಕೆ ಒಂದು ಕೋಣೆಯಿಂದ ಹೊರಗಿಡಬಹುದೇ?

ಕಂಪನಿಗಳ ಕಷ್ಟವೂ ಸುಳ್ಳಲ್ಲ. ಅಮೆರಿಕದ ಒಪ್ಪಿಗೆ ತಪ್ಪಿದರೆ ವಿಮಾನವೇ ಹಾರುವುದಿಲ್ಲ. ಆದರೆ ತುಮಕೂರಿನಲ್ಲೋ ಧಾರವಾಡದಲ್ಲೋ ಹುಟ್ಟಿದ್ದು ಒಂದು ನಮೂನೆಯ ಫಾರಮ್ಮಿನಲ್ಲಿ ತೊಡಕಾಗುತ್ತದೆಂದು ತಿಳಿದಾಗ ಮನಸ್ಸಿಗೆ ಆಗುವ ನೋವೂ ಸುಳ್ಳಲ್ಲ. 2011ರಲ್ಲಿ ಅಮೆರಿಕ ತನ್ನ ನಿಯಮವನ್ನು ಸಡಿಲಿಸಿತು. ನೌಕರರನ್ನು ಸರಿಯಾಗಿ ಶೋಧಿಸುವ ವ್ಯವಸ್ಥೆಯಿದ್ದರೆ, ತಮ್ಮ ಸರ್ಕಾರ ಕೊಟ್ಟ ಭದ್ರತಾ ಕ್ಲಿಯರೆನ್ಸ್ ಇದ್ದರೆ, ಇನ್ನೊಂದು ದೇಶದ ನಂಟಿದ್ದರೂ ಪ್ರತ್ಯೇಕ ಅನುಮತಿ ಬೇಡವೆಂದಿತು. 1948ರ ಪಾಠ ಕಾಗದದ ಮೇಲೆ ಬರಲು ಅರವತ್ತು ವರ್ಷಗಳಿಗೂ ಹೆಚ್ಚು ಹಿಡಿಯಿತು.

ಪರ್ತ್: ಸಣ್ಣ ಕಿಂಡಿ, ದೊಡ್ಡ ಕಳವು

ಪರ್ತಿನ ಬಳಿಯ ಫ್ರೀಮ್ಯಾಂಟಲ್ ಯುದ್ಧಕಾಲದಲ್ಲಿ ಅಮೆರಿಕ, ಬ್ರಿಟನ್, ಡಚ್ ಜಲಾಂತರ್ಗಾಮಿಗಳ ನೆಲೆಯಾಗಿತ್ತು. 1978ರಲ್ಲಿ ಗಾರ್ಡನ್ ದ್ವೀಪದಲ್ಲಿ 'ಸ್ಟರ್ಲಿಂಗ್' ನೌಕಾನೆಲೆ ತೆರೆಯಿತು. ಈಗ ಕಾಲಿನ್ಸ್ ಜಲಾಂತರ್ಗಾಮಿಗಳ ಮನೆ ಅದೇ. 2027ರಿಂದ ಅಮೆರಿಕ ಮತ್ತು ಬ್ರಿಟನ್ನಿನ ಅಣುಚಾಲಿತ ಜಲಾಂತರ್ಗಾಮಿಗಳು ಸರದಿಯ ಮೇಲೆ ಅಲ್ಲಿ ತಂಗಲಿವೆಯೆಂದು 2023ರ ಮಾರ್ಚಿಯಲ್ಲಿ ಪ್ರಕಟವಾಯಿತು. ದ್ವೀಪದ ಎದುರಿನ ಹೆಂಡರ್ಸನ್ ಹಡಗುಕಟ್ಟೆಗಳಲ್ಲಿ ದೊಡ್ಡ ಕಂಪನಿಗಳ ಜೊತೆಗೆ ಬೆಸುಗೆಯವರು, ಬಣ್ಣದವರು, ಪೈಪಿನವರು, ಹೀಗೆ ಅನೇಕ ಸಣ್ಣ ಕಂಪನಿಗಳೂ ಇವೆ.

ಇಂದಿನ ಕಿಂಡಿ ಇರುವುದು ಇಂಥ ಕಡೆಗಳಲ್ಲೇ. 2016ರಲ್ಲಿ ಸುಮಾರು 50 ಜನರಿದ್ದ ಆಸ್ಟ್ರೇಲಿಯದ ಸಣ್ಣ ವಿಮಾನ ಎಂಜಿನಿಯರಿಂಗ್ ಕಂಪನಿಯೊಂದರ ಜಾಲಕ್ಕೆ ಕಳ್ಳರು ನುಗ್ಗಿ ಸುಮಾರು 30 ಗಿಗಾಬೈಟ್ ಮಾಹಿತಿ ಕದ್ದರು. ಎಫ್-35 ಯುದ್ಧವಿಮಾನಕ್ಕೆ ಸಂಬಂಧಿಸಿದ್ದೂ ಅದರಲ್ಲಿತ್ತು. 2017ರ ಅಕ್ಟೋಬರಿನಲ್ಲಿ ವಿವರ ಹೊರಬಂದಾಗ ತಿಳಿದದ್ದೇನು? ಅಷ್ಟೂ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಒಬ್ಬನೇ ನೌಕರ. ಹೊರಗಿನಿಂದ ತೆರೆಯಬಹುದಾದ ಪುಟಗಳಿಗೆ, ತಯಾರಕರು ಕೊಟ್ಟ ಹಾಗೇ ಉಳಿದಿದ್ದ 'ಅಡ್ಮಿನ್', 'ಗೆಸ್ಟ್' ಎಂಬ ಪಾಸ್‌ವರ್ಡುಗಳು! 2018ರಲ್ಲಿ ಹೆಂಡರ್ಸನ್ನಿನ ಹಡಗು ಕಂಪನಿಯೊಂದರ ಮಾಹಿತಿಯೂ ಕಳುವಾಗಿ, ಹಣಕ್ಕಾಗಿ ಬೆದರಿಕೆ ಬಂತು. ರಾಷ್ಟ್ರದ ಭದ್ರತೆಗೆ ಧಕ್ಕೆಯಾದ ಸಾಕ್ಷ್ಯ ಸಿಗಲಿಲ್ಲವೆಂಬುದು ಸಮಾಧಾನ. ಸೈನ್ಯದ ಏಳು ಸುತ್ತಿನ ಕೋಟೆಯನ್ನು ಹತ್ತುವುದೇಕೆ, ಕೋಟೆಗೆ ಮೊಳೆ ಮಾರುವವನ ಅಂಗಡಿಯ ಬಾಗಿಲು ತೆರೆದೇ ಇರುವಾಗ?

ಆದ್ದರಿಂದ 2019ರಲ್ಲಿ ರಕ್ಷಣಾ ಉದ್ಯಮದ ಭದ್ರತಾ ಯೋಜನೆಯನ್ನು ಪರಿಷ್ಕರಿಸಿ, ಸಣ್ಣ ಕಂಪನಿಗಳ ಆಡಳಿತ, ಜನ, ಕಟ್ಟಡ, ಕಂಪ್ಯೂಟರು ನಾಲ್ಕನ್ನೂ ಅದರಡಿ ತಂದರು. ಸಿಗ್ನಲ್ಸ್ ಡೈರೆಕ್ಟೊರೇಟಿನವರು 2017ರಲ್ಲಿ ಪ್ರಕಟಿಸಿದ 'ಎಸೆನ್ಷಿಯಲ್ ಏಯ್ಟ್' ಎಂಬ ಅಷ್ಟಸೂತ್ರವನ್ನು ನಮ್ಮ ಮನೆಗಳಲ್ಲೂ ಪಾಲಿಸಬಹುದು. ತಂತ್ರಾಂಶವನ್ನು ಆಗಾಗ ಪರಿಷ್ಕರಿಸಿ. ಗೊತ್ತಿಲ್ಲದ ಪ್ರೋಗ್ರಾಮು ಓಡಲು ಬಿಡಬೇಡಿ. ಎಲ್ಲರಿಗೂ ಯಜಮಾನನ ಅಧಿಕಾರ ಕೊಡಬೇಡಿ. ಪಾಸ್‌ವರ್ಡಿನ ಜೊತೆ ಎರಡನೆಯ ಗುರುತೂ ಇರಲಿ. ಮುಖ್ಯ ಕಡತಗಳ ಪ್ರತಿ ತೆಗೆದಿಡಿ. ಸಂಘದ ಖಾತೆ, ಸದಸ್ಯರ ಪಟ್ಟಿ ನೋಡಿಕೊಳ್ಳುವ ಖಜಾಂಚಿಗಳಿಗೂ ಈ ಮಾತು ಅನ್ವಯಿಸುತ್ತದೆ!

ಇನಿಷಿಯಲ್ಲು, ಮಾರ್ಕ್ಸ್ ಕಾರ್ಡು ಮತ್ತು ಮೌನ

ಇನ್ನು ಮನೆಯ ಮಾತು. ಈ ಕೆಲಸಕ್ಕೆ ಸಾಮಾನ್ಯವಾಗಿ ಆಸ್ಟ್ರೇಲಿಯದ ಪೌರತ್ವ ಬೇಕೇ ಬೇಕು. 2007ರಿಂದ ಅದಕ್ಕೆ ನಾಲ್ಕು ವರ್ಷಗಳ ವಾಸ ಕಡ್ಡಾಯ. ಭಾರತದ ಕಾನೂನು ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಆದ್ದರಿಂದ ಅಶೋಕ ಸ್ತಂಭದ ಪಾಸ್‌ಪೋರ್ಟನ್ನು ಒಪ್ಪಿಸಬೇಕು. 2005ರಿಂದ ಸಿಗುವ ಸಾಗರೋತ್ತರ ನಾಗರಿಕರ ಕಾರ್ಡು ಊರಿಗೆ ಹೋಗಿಬರಲು ಅನುಕೂಲವೇನೋ ನಿಜ. ಆದರೆ ರದ್ದಿನ ಮುದ್ರೆ ಬಿದ್ದ ಹಳೆಯ ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದವರಿಗೇ ಆ ಭಾರ ಗೊತ್ತು.

ಆಮೇಲೆ ಕ್ಲಿಯರೆನ್ಸ್. 2010ರ ಅಕ್ಟೋಬರಿನಿಂದ ಈ ಶೋಧನೆಗೆ ಸರ್ಕಾರದ ಕೇಂದ್ರ ಸಂಸ್ಥೆಯೊಂದಿದೆ. ಕೆಳಗಿನ ಹಂತಕ್ಕೆ ಹಿಂದಿನ 5 ವರ್ಷ, ಮೇಲಿನವಕ್ಕೆ ಕನಿಷ್ಠ 10 ವರ್ಷಗಳ ಬದುಕನ್ನು ಬಿಚ್ಚಿಡಬೇಕು. ಇಲ್ಲಿ ನಮ್ಮವರ ಪರದಾಟ ನೋಡಬೇಕು! ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ಲು ಹೆಸರಿನ ಹಿಂದೆ, ಡಿಗ್ರಿಯಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಮನೆತನದ ಹೆಸರು, ಇಲ್ಲಿನ ಲೈಸೆನ್ಸಿನಲ್ಲಿ ಊರಿನ ಹೆಸರು ಮೊದಲ ಹೆಸರು. ಒಬ್ಬನೇ ಮನುಷ್ಯ ನಾಲ್ವರಾಗಿ ನಿಲ್ಲುತ್ತಾನೆ. ತಾಯಿಯ ಜನ್ಮದಿನಾಂಕ? "ದೊಡ್ಡ ಮಳೆ ಬಂದ ವರ್ಷ, ಶ್ರಾವಣದಲ್ಲಿ" ಎಂಬುದಷ್ಟೇ ಗೊತ್ತು. ತಂದೆಯದು ಶಾಲೆಗೆ ಸೇರಿಸಿದ ಮೇಷ್ಟ್ರು ಬರೆದುಕೊಂಡ ಜೂನ್ 1. ಬಾಡಿಗೆಗಿದ್ದ ವಿಜಯನಗರದ ಮನೆಯ ಬಾಗಿಲ ನಂಬರು, ಹಳೆಯ ಸಹಪಾಠಿಯ ವಿಳಾಸ ಎಲ್ಲವನ್ನೂ ಹುಡುಕಬೇಕು. ಇದರಲ್ಲಿ ಮುಜುಗರಪಡುವಂಥದ್ದೇನಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದು, ಏಕೆ ಹಾಗಾಯಿತೆಂದು ಒಂದು ಪುಟ ವಿವರಣೆ ಲಗತ್ತಿಸುವುದೇ ಸರಿಯಾದ ದಾರಿ. ತಿಳಿಯದ್ದನ್ನು ತಿಳಿಯದೆಂದು ಬರೆದವನಿಗಿಂತ, ಚೆನ್ನಾಗಿ ಕಾಣಲೆಂದು ಜೋಡಿಸಿ ಬರೆದವನ ಮೇಲೆ ಶೋಧಿಸುವವರಿಗೆ ಅನುಮಾನ ಹೆಚ್ಚು.

ಇನ್ನೊಂದು ತೊಡಕು: ಕ್ಲಿಯರೆನ್ಸನ್ನು ನಾವಾಗಿಯೇ ಕೇಳುವಂತಿಲ್ಲ, ಒಂದು ಸಂಸ್ಥೆ ನಮ್ಮ ಪರವಾಗಿ ಪ್ರಾಯೋಜಕನಾಗಬೇಕು. ಕ್ಲಿಯರೆನ್ಸ್ ಇಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಕ್ಲಿಯರೆನ್ಸ್ ಇಲ್ಲ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬಂತೆ. ಹೊಸದಾಗಿ ಬಂದವರು ಬ್ಯಾಂಕು, ಆಸ್ಪತ್ರೆ, ರಾಜ್ಯ ಸರ್ಕಾರಗಳಲ್ಲಿ ಕಸುಬು ಕಲಿತು, ಪೌರತ್ವ ಪಡೆದು, ಪ್ರಾಯೋಜಕತ್ವಕ್ಕೆ ಸಿದ್ಧವಿರುವ ಕಂಪನಿಯ ಮೂಲಕ ಕೆಳಗಿನ ಹಂತದಿಂದ ಹತ್ತುವುದೇ ನಡೆದು ಬಂದ ದಾರಿ.

ಒಳಗೆ ಹೋದ ಮೇಲೆ ಬರುವುದು ಮೌನ. ಊರಿನ ಮದುವೆಗೆ ಹೊರಟರೆ ಪ್ರಯಾಣದ ವಿವರ ತಿಳಿಸಬೇಕು. ಮನೆಯಲ್ಲಿ ಹೊಸಬರು ವಾಸಕ್ಕೆ ಬಂದರೆ ತಿಳಿಸಬೇಕು. ಯಾವ ಕ್ಲಿಯರೆನ್ಸ್ ಇದೆಯೆಂದು ಎಲ್ಲೂ ಮೆರೆಯುವಂತಿಲ್ಲ. ದುಃಖದ ವಿಷಯವೆಂದರೆ ಸಾಧನೆಯ ಸಂತೋಷವನ್ನೂ ಹಂಚಿಕೊಳ್ಳುವಂತಿಲ್ಲ. ಮೂರು ವರ್ಷ ಬೆವರು ಸುರಿಸಿ ಕಟ್ಟಿದ ವ್ಯವಸ್ಥೆಗೆ ಸಹಿ ಬಿದ್ದ ದಿನ ಮನೆಗೆ ಬಂದು "ಇವತ್ತು ಪಾಯಸ ಮಾಡೋಣವೇ?" ಎಂದರೆ, ಏಕೆಂದು ಕೇಳಬಾರದೆಂಬುದು ಮನೆಯಾಕೆಗೂ ಅಭ್ಯಾಸವಾಗಿರುತ್ತದೆ. ಶಾಲೆಯಲ್ಲಿ "ನಿಮ್ಮ ಅಪ್ಪ ಏನು ಮಾಡುತ್ತಾರೆ?" ಎಂದು ಕೇಳಿದರೆ ಮಗು ತಡವರಿಸುತ್ತದೆ. ಹೆಂಡತಿ ಈ ಕಸುಬಿನವಳಾದ ಮನೆಗಳಲ್ಲಿ ತಡವರಿಸುವ ಸರದಿ ಗಂಡನದು. ಈ ಮೌನದ ಪಾಲುದಾರರಾದ ಮನೆಯವರಿಗೆ ಯಾವ ಸಂಸ್ಥೆಯೂ ಪ್ರಮಾಣಪತ್ರ ಕೊಡುವುದಿಲ್ಲ. ಈ ಸಂಚಿಕೆಯ ಮೂಲಕವಾದರೂ ಅವರಿಗೆ ನಮ್ಮ ಕೃತಜ್ಞತೆ ಸಲ್ಲಲಿ.

ಓದುಗ ಬಂಧುಗಳೇ, ಉಕ್ತಲೇಖನ ಕೊಟ್ಟು ಹಡಗಿನಿಂದಲೇ ಹಿಂದಕ್ಕೆ ಕಳುಹಿಸುತ್ತಿದ್ದ ದೇಶ ಇಂದು ತನ್ನ ಕೀಲಿಕೈಯನ್ನು ನಮ್ಮಂಥವರ ಕೈಗೂ ಕೊಡುತ್ತಿದೆ. ಅದು ತಾನಾಗಿ ಬಂದದ್ದಲ್ಲ. ಕಾನೂನುಗಳು ಬದಲಾದವು, ನ್ಯಾಯಮಂಡಳಿಗಳಲ್ಲಿ ವಾದಗಳು ನಡೆದವು, ನಮಗಿಂತ ಮುಂಚೆ ಬಂದವರು ನೆಟ್ಟಗೆ ನಡೆದು ಹೆಸರು ಉಳಿಸಿಕೊಂಡರು. ಕೊಟ್ಟ ಕೀಲಿಕೈಯನ್ನು ಉಳಿಸಿಕೊಳ್ಳುವುದು ನಮ್ಮ ಮತ್ತು ನಮ್ಮ ಮಕ್ಕಳ ಹೊಣೆ. ಈ ಕಸುಬಿಗೆ ಬರಲು ಮನಸ್ಸಿರುವ ಮಕ್ಕಳಿಗೆ ದಾರಿ ಹೇಳಲು ಮೂರೂ ಊರುಗಳಲ್ಲಿ ನಮ್ಮವರಿದ್ದಾರೆ. ಗುಟ್ಟು ಹೇಳಲಾರರು, ಅರ್ಜಿ ತುಂಬುವುದು ಹೇಗೆಂದು ಖಂಡಿತ ಹೇಳಿಕೊಡುತ್ತಾರೆ. ಮುಂದಿನ ಸಲ ಪಂಕ್ತಿಯಲ್ಲಿ ಪಕ್ಕದವರು "ಐ.ಟಿ.ಯಲ್ಲಿ" ಎಂದು ಮಾತು ಮುಗಿಸಿದರೆ ಬೇಸರಿಸದೆ ಇನ್ನೊಂದು ಹೋಳಿಗೆ ಬಡಿಸಿ.